ಸರ್ವಾಧಿಕಾರಿಯ ಸಹಾಯಕನೂ ನನ್ನ ಮೊಮ್ಮಗಳ ಹೆಸರೂ

ಆ ಪುಸ್ತಕದ ಸುದ್ದಿ ಎತ್ತಿದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಅದೇ ಹೊತ್ತಿಗೆ ಮೊಮ್ಮಗಳ ನೆನಪಾಗಿ ಎದೆ ಉಬ್ಬುತ್ತದೆ. ಉರಿಯುವುದೂ ಉಬ್ಬುವುದೂ ಒಟ್ಟಿಗೇ ಆಗುವುದರಿಂದ ಹೇಳುವ ಮಾತು ಸ್ವಲ್ಪ ಉಕ್ಕಿ ಹೊರಗೆ ಚೆಲ್ಲಬಹುದು, ಓದುವವರು ಸಹಿಸಿಕೊಳ್ಳಬೇಕು. ನಾನು ಓದಿದ್ದು ಐದನೇ ಕ್ಲಾಸು. ಲೇಖಕರ ಹೆಸರು, ಸಂಘದ ಹೆಸರು ಇಲ್ಲಿ ಬರೆಯುವುದಿಲ್ಲ, ಬರೆದರೆ ಇನ್ನೊಂದು ಜಗಳ. ಪುಸ್ತಕದಲ್ಲಿ ಹೊಗಳಿಸಿಕೊಂಡ ಆ ಮಿಲಿಟರಿ ಸಹಾಯಕನ ಹೆಸರೂ ಬೇಡ. ಅವನ ಹೆಸರನ್ನು ಕನ್ನಡದಲ್ಲಿ ಬೇಕಾದಷ್ಟು ಸಲ ಅಚ್ಚು ಹಾಕಿ ಆಗಿದೆ.

ಮುಂಬಯಿ ಪಕ್ಕದ ಠಾಣೆ ಊರಿನ ನೌಪಾಡಾದಲ್ಲಿ, ಒಂದು ವಡಾಪಾವ್ ಅಂಗಡಿಯ ಹಿಂದಿನ ಗಲ್ಲಿಯಲ್ಲಿ ನಮ್ಮ ಮಾಲಕರದ್ದು ಸಣ್ಣ ಡಿಟಿಪಿ ಅಂಗಡಿ. ಕನ್ನಡ ಪುಸ್ತಕ, ಮದುವೆ ಕಾಗದ, ಸಂಘಗಳ ವಿಶೇಷ ಸಂಚಿಕೆ, ಎಲ್ಲ ಅಲ್ಲಿ ಟೈಪ್ ಆಗುತ್ತವೆ. ಮಾಲಕರು ಧಾರವಾಡ ಕಡೆಯವರು. ನನ್ನ ಕೆಲಸ ಓದುವುದು. ಲೇಖಕರು ಕೊಟ್ಟ ಮೂಲ ಪ್ರತಿಯನ್ನು ನಾನು ಗಟ್ಟಿಯಾಗಿ ಓದುತ್ತೇನೆ. ಕಾಮಾ ಬಂದರೆ ಕಾಮಾ ಎನ್ನುತ್ತೇನೆ, ಪ್ಯಾರಾ ಬಂದರೆ ಪ್ಯಾರಾ ಎನ್ನುತ್ತೇನೆ. ಟೈಪಾದ ಪುಟದ ಮೇಲೆ ಮಾಲಕರು ಕೆಂಪು ಪೆನ್ನು ಓಡಿಸುತ್ತಾರೆ. ಈ ಕೆಲಸದಲ್ಲಿ ಅರ್ಥ ನೋಡಲಿಕ್ಕಿಲ್ಲ. ಅರ್ಥ ನೋಡುತ್ತ ಕೂತರೆ ಕಣ್ಣು ಅಕ್ಷರ ಬಿಟ್ಟು ಮುಂದೆ ಹಾರುತ್ತದೆ.

ನಮ್ಮ ಅಂಗಡಿಗೆ ಅನ್ನ ಹಾಕಿದ್ದು ಅಭಿನಂದನ ಗ್ರಂಥಗಳು. ಹೋಟೆಲ್ ಮಾಲಕರಿಗೆ ಅರವತ್ತಾದರೆ ಒಂದು, ಸಂಘದ ಅಧ್ಯಕ್ಷರಿಗೆ ಎಪ್ಪತ್ತೈದಾದರೆ ಒಂದು. ಎಲ್ಲರ ಜೀವನವೂ ಒಂದೇ ಎರಕದ್ದು. ಬಡ ರೈತ ಕುಟುಂಬದಲ್ಲಿ ಹುಟ್ಟುತ್ತಾರೆ, ಚಿಕ್ಕಂದಿನಲ್ಲೇ ಊರು ಬಿಡುತ್ತಾರೆ, ಯಜಮಾನರ ವಿಶ್ವಾಸ ಗಳಿಸುತ್ತಾರೆ, ಕೊನೆಯ ಪ್ಯಾರಾದಲ್ಲಿ ಸಮಾಜಸೇವೆ ಮಾಡುತ್ತಾರೆ. ತಪ್ಪು ಎನ್ನುವುದಿಲ್ಲ. ನಮ್ಮ ಕರಾವಳಿಯಿಂದ ಬಂದು ಮುಂಬಯಿಯಲ್ಲಿ ಪ್ಲೇಟು ತೊಳೆದವರ ಜೀವನ ಹಾಗೆಯೇ ಇತ್ತು. ಓದಿ ಓದಿ ಆ ಸಾಲುಗಳು ನನ್ನ ಬಾಯಿಗೆ ದೇವರ ನಾಮದ ಹಾಗೆ ಬರುತ್ತಿದ್ದವು.

ಒಂದು ದಿನ ಆ ಲೇಖಕರು ಬಂದರು. ಮೈಸೂರಿನವರು, ದೊಡ್ಡ ಫೈನಾನ್ಸ್ ಕಂಪನಿಯಲ್ಲಿದ್ದು ನಿವೃತ್ತರಾದವರು, ಈಗ ನವಿ ಮುಂಬಯಿಯ ನೆರುಳಿನಲ್ಲಿ ಇರುವವರು. ಡೊಂಬಿವಲಿಯ ಒಂದು ಕನ್ನಡ ಸಂಘ ಡೊಂಬಿವಲಿ, ಕಲ್ಯಾಣದ ಮಕ್ಕಳಿಗೆ ಭಾನುವಾರ ಕನ್ನಡ ಕಲಿಸುತ್ತದೆ. ಆ ಮಕ್ಕಳಿಗೆ ಬಹುಮಾನ ಕೊಡಲು ಈ ಲೇಖಕರು ಒಂದು ಪುಸ್ತಕ ಬರೆದಿದ್ದರು. ವಿಷಯ: ಮಹಾಯುದ್ಧದ ಕಾಲದ ಜರ್ಮನಿಯ ಸರ್ವಾಧಿಕಾರಿಗೆ ಮಿಲಿಟರಿ ಸಹಾಯಕನಾಗಿದ್ದ ಒಬ್ಬ ಅಧಿಕಾರಿಯ ಜೀವನ. ಯಜಮಾನನಿಗೆ ಕೊನೆವರೆಗೂ ದ್ರೋಹ ಬಗೆಯದವನು ಎಂದು ಅದರ ಸಾರ. ಎಂಥ ಯಜಮಾನನಿಗೆ ಎಂದು ಕೇಳಬಾರದು.

ಸಂಘದ ಕಮಿಟಿಯವರು ಒಂದು ಷರತ್ತು ಹಾಕಿದ್ದರು. ವಿದೇಶದ ಇತಿಹಾಸ, ಮಕ್ಕಳ ಕೈಗೆ ಹೋಗುವುದು, ಆದ್ದರಿಂದ ತಿಳಿದವರು ಯಾರಾದರೂ ಸಂಗತಿಗಳನ್ನು ನೋಡಿ ಸರಿ ಎನ್ನಬೇಕು, ಅವರ ಹೆಸರು ಪುಸ್ತಕದಲ್ಲಿ ಇರಬೇಕು ಎಂದು. ಲೇಖಕರು ಮಾಲಕರ ಹತ್ತಿರ, "ಜರ್ಮನ್ ಗೊತ್ತಿರೋರು ನಿಮಗೆ ಯಾರಾದ್ರೂ ಪರಿಚಯ ಇದ್ದಾರೇನ್ರೀ?" ಎಂದು ಕೇಳುತ್ತಿದ್ದರು.

ನನ್ನ ಬಾಯಿ ನನಗಿಂತ ಮೊದಲು ಎದ್ದು ನಿಂತಿತು. "ನನ್ನ ಮೊಮ್ಮಗಳಿಗೆ ಗೊತ್ತುಂಟು!"

ಗೊತ್ತಿಲ್ಲದೆ ಏನು? ನನ್ನ ಮಗಳ ಮಗಳು. ಠಾಣೆಯ ಪಕ್ಕದ ಕಳವಾ ಊರಿನ ನಮ್ಮ ಒಂದೇ ಕೋಣೆಯ ಮನೆಯಲ್ಲಿ, ಪಾತ್ರೆ ತೊಳೆಯುವ ಮೋರಿಯ ಪಕ್ಕದಲ್ಲಿ ಸ್ಟೂಲಿನ ಮೇಲೆ ಪುಸ್ತಕ ಇಟ್ಟುಕೊಂಡು ಜರ್ಮನ್ ಕಲಿತವಳು. ಐರೋಲಿಯ ಒಂದು ಆಫೀಸಿನಲ್ಲಿ ಜರ್ಮನಿಯ ಗಿರಾಕಿಗಳ ದೂರುಗಳಿಗೆ ಅವರ ಭಾಷೆಯಲ್ಲೇ ಉತ್ತರ ಬರೆಯುತ್ತಾಳೆ. ಕೂತಲ್ಲಿಂದ ಜರ್ಮನಿಯವರಿಗೆ ಬುದ್ಧಿ ಹೇಳುತ್ತಾಳೆ! ಆದರೆ ನಾನು ಕನ್ನಡದಲ್ಲಿ ಮಾತಾಡಿದರೆ ಉತ್ತರ ಬರುವುದು ಹಿಂದಿಯಲ್ಲಿ. ಕನ್ನಡ ಅಕ್ಷರ ಅವಳಿಗೆ ಬಾರದು. ನನಗೆ ಕನ್ನಡ ಬಿಟ್ಟು ಬೇರೆ ಅಕ್ಷರ ಬಾರದು. ಹೀಗೆ ಅರ್ಧ ಅರ್ಧ ಇಬ್ಬರು.

ಲೇಖಕರು ಸಂತೋಷಪಟ್ಟರು. "ಬಹಳ ಒಳ್ಳೇದಾಯ್ತು ಅಮ್ಮಾ. ಮೊದಲ ಪುಟದ ಹಿಂದುಗಡೆ ಹಾಕ್ತೀನಿ. 'ಸಂಗತಿ ಪರಿಶೀಲನೆ', ಕೆಳಗೆ ನಿಮ್ಮ ಮೊಮ್ಮಗಳ ಹೆಸರು."

ಅವತ್ತು ನಾನು ಕಳವಾಕ್ಕೆ ರೈಲಿನಲ್ಲಿ ಬಂದೆನೋ ಹಾರಿಕೊಂಡು ಬಂದೆನೋ ಗೊತ್ತಿಲ್ಲ. ಊರವರ ಹೆಸರನ್ನೆಲ್ಲ ಗಟ್ಟಿಯಾಗಿ ಓದಿದವಳು ನಾನು. ನಮ್ಮ ಮನೆಯ ಒಂದು ಹೆಸರು ಯಾವ ಪುಸ್ತಕದಲ್ಲೂ ಬಂದದ್ದಿಲ್ಲ. ರೈಲಿನ ಲೇಡೀಸ್ ಡಬ್ಬಿಯಲ್ಲಿ ಹೇಳಿದೆ, ನಲ್ಲಿಯ ಹತ್ತಿರ ಹೇಳಿದೆ, ಮೀನು ಮಾರುವವಳಿಗೆ ಹೇಳಿದೆ. ಅವಳು, "ಮೌಶಿ, ಪುಸ್ತಕ್ ಆಲಂ ಕೀ ಮಲಾ ದಾಖವಾ," ಎಂದಳು. ಅವಳಿಗೆ ಕನ್ನಡ ಓದಲು ಬಾರದು. ಆದರೂ ತೋರಿಸಬೇಕಂತೆ.

ಭಾನುವಾರಗಳಲ್ಲಿ ಕೆಲಸ ನಡೆಯಿತು. ಮೊಮ್ಮಗಳು ಮುಂಬಯಿಯ ಒಂದು ಲೈಬ್ರರಿಯಿಂದ ಆ ಸಹಾಯಕನೇ ಮುದಿಪ್ರಾಯದಲ್ಲಿ ಬರೆದುಕೊಂಡ ಆತ್ಮಕಥೆಯ ಝೆರಾಕ್ಸ್ ತಂದಳು. ಇಂಗ್ಲಿಷಿನ ದಪ್ಪ ಇತಿಹಾಸದ ಪುಸ್ತಕ ಒಂದು. ಯುದ್ಧದ ನಂತರ ಗೆದ್ದವರು ಅವನನ್ನು ಹಿಡಿದು ಪ್ರಶ್ನೆ ಕೇಳಿದ ವಿಚಾರಣೆಯ ದಾಖಲೆ ಕಂಪ್ಯೂಟರಿನಲ್ಲಿ ಸಿಕ್ಕಿತು. ನಾನು ಕನ್ನಡದ ಒಂದೊಂದು ವಾಕ್ಯ ಓದುವುದು. ಅದರಲ್ಲಿ ಊರು, ವರ್ಷ, ಹುದ್ದೆ, ಯಾರು ಎಲ್ಲಿದ್ದರು ಎಂಬ ಸಂಗತಿ ಬಂದ ಕೂಡಲೇ ಅವಳು ಕೈ ಎತ್ತುವುದು. ನಾನು ಅಲ್ಲಿ ಪೆನ್ಸಿಲಿನಲ್ಲಿ ಗೀಟು ಹಾಕಿ ನಿಲ್ಲುವುದು. ಅವಳು ಹುಡುಕಿ ತೆಗೆಯುವುದು.

ಬಡ ರೈತ ಕುಟುಂಬದಲ್ಲಿ ಹುಟ್ಟಿದರು ಎಂಬ ಮೊದಲ ವಾಕ್ಯದಲ್ಲೇ ಕೈ ಎತ್ತಿದಳು.

"ಅಮ್ಮಮ್ಮ, ರುಕೋ. ಗರೀಬ್ ಕಿಸಾನ್? ಇಸ್ಕಾ ಬಾಪ್ ಆರ್ಮಿ ಮೆ ಅಫ್ಸರ್ ಥಾ."

"ಅಫ್ಸರಾದರೂ ಬಡವ ಇರಬಹುದಲ್ಲ ಪುಟ್ಟಿ."

"ಅಮ್ಮಮ್ಮ! ಘರ್ ಮೆ ಘೋಡೆ ಥೆ, ನೌಕರ್ ಥೆ. ಖುದ್ ಲಿಖಾ ಹೈ."

ಮನೆಯಲ್ಲಿ ಕುದುರೆ, ಆಳುಕಾಳು ಎಲ್ಲ ಇತ್ತೆಂದು ಅವನೇ ಬರೆದುಕೊಂಡಿದ್ದಾನಂತೆ. ಇದೇ ಸಾಲನ್ನು ಅಂಗಡಿಯಲ್ಲಿ ಗಟ್ಟಿಯಾಗಿ ಓದಿದವಳು ನಾನೇ. ಮಾಲಕರ ಕೆಂಪು ಪೆನ್ನೂ ಅಲ್ಲಿ ನಿಂತಿರಲಿಲ್ಲ. ನಿಲ್ಲುವುದು ಹೇಗೆ? ಎಲ್ಲರೂ ಹಾಗೆಯೇ ಹುಟ್ಟುತ್ತಾರಲ್ಲ! ಲೇಖಕರು ಆ ಸಂಘದ ಎಷ್ಟೋ ಅಭಿನಂದನ ಗ್ರಂಥಗಳಿಗೆ ಲೇಖನ ಬರೆದವರು. ಕೈಗೆ ಅಭ್ಯಾಸವಾದ ಎರಕದಲ್ಲೇ ಸರ್ವಾಧಿಕಾರಿಯ ಬಂಟನನ್ನೂ ಎರೆದುಬಿಟ್ಟಿದ್ದರು. ಕೊನೆಯ ಪ್ಯಾರಾ ತೆಗೆದು ನೋಡಿದೆ. ಇತ್ತು. "ಯುದ್ಧಾನಂತರ ಸಮಾಜಸೇವೆಯಲ್ಲಿ ತಮ್ಮನ್ನು ತೊಡಗಿಸಿಕೊಂಡರು." ಮೊಮ್ಮಗಳು ಮೂರೂ ಕಡೆ ಹುಡುಕಿದಳು. ಅವನು ಕೆಲವು ವರ್ಷ ಸೆರೆಯಲ್ಲಿದ್ದ, ಬಿಡುಗಡೆಯಾದ, ವ್ಯಾಪಾರ ಮಾಡಿದ, ಪುಸ್ತಕ ಬರೆದ. ಸಮಾಜಸೇವೆಯ ಸುಳಿವು ಎಲ್ಲೂ ಇಲ್ಲ.

ಅಲ್ಲಿಯವರೆಗೆ ನಮಗೆ ನಗು. ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇವೆ.

ನಗು ನಿಂತದ್ದು ನಡುವಿನ ಅಧ್ಯಾಯದಲ್ಲಿ. ಅಲ್ಲಿ ಲೇಖಕರು ಬರೆದಿದ್ದರು: ಇವರು ಸರ್ವಾಧಿಕಾರಿಯ ಬಳಿ ಸೇರಿದ್ದು ಯುದ್ಧದ ಕೊನೆಯ ವರ್ಷ, ಇವರ ಕೆಲಸ ಬಾಗಿಲಲ್ಲಿ ನಿಲ್ಲುವುದು, ಕೋಟು ಹಿಡಿಯುವುದು, ಒಳಗೆ ನಡೆದ ಘೋರ ತೀರ್ಮಾನಗಳ ಬಗ್ಗೆ ಇವರಿಗೆ ಏನೂ ಗೊತ್ತಿರಲಿಲ್ಲ.

ಮೊಮ್ಮಗಳ ಕೈ ಎತ್ತಿದ್ದು ಇಳಿಯಲಿಲ್ಲ. ಆತ್ಮಕಥೆಯಲ್ಲಿ ಅವನೇ ಹೇಳಿಕೊಂಡಿದ್ದ, ದಿನವೂ ನಡೆಯುವ ಯುದ್ಧದ ಸಭೆಯಲ್ಲಿ ಮೇಜಿನ ಮೇಲೆ ನಕಾಶೆ ಹರಡುವುದು ತನ್ನ ಕೆಲಸ, ಸಭೆ ಮುಗಿಯುವವರೆಗೆ ಮೇಜಿನ ಬದಿಗೆ ನಿಲ್ಲುವುದು, ಸರ್ವಾಧಿಕಾರಿ ಬಾಯಲ್ಲಿ ಹೇಳಿದ ಆಜ್ಞೆಯನ್ನು ಫೋನಿನಲ್ಲಿ ಸೇನೆಗೆ ತಿಳಿಸುವುದು ಎಂದು. ಇನ್ನೊಂದು ಅಧ್ಯಾಯದಲ್ಲಿ, ನನಗೇನೂ ಗೊತ್ತಿರಲಿಲ್ಲ ಎಂದೂ ಬರೆದಿದ್ದ. ನಮ್ಮ ಲೇಖಕರು ಎರಡನೆಯದನ್ನು ಮಾತ್ರ ಎತ್ತಿಕೊಂಡಿದ್ದರು.

ನನಗೆ ಆಗ ಹತ್ತಿದ ಸಿಟ್ಟು! ನನ್ನ ಗಂಡ ತೀರಿಹೋಗುವವರೆಗೂ ಕಲ್ಯಾಣದ ಒಂದು ಹೋಟೆಲಿನಲ್ಲಿ ಸಪ್ಲಾಯರು. ಚಾ ಇಡಲು ಮೇಜಿಗೆ ಹೋಗಿ ಬರುವಷ್ಟರಲ್ಲಿ ಯಾರ ಜಾಗ ಯಾರಿಗೆ ಮಾರಾಟ, ಯಾರ ಹುಡುಗಿಗೆ ಯಾರ ಹುಡುಗ ಎಲ್ಲ ಅವರ ಕಿವಿಯಲ್ಲಿ. ಒಂದು ಕಪ್ ಚಾ ಇಟ್ಟವನಿಗೆ ಅಷ್ಟು ಗೊತ್ತಾಗುವುದಾದರೆ ಸಭೆ ಮುಗಿಯುವವರೆಗೆ ಮೇಜಿಗೆ ತಾಗಿ ನಿಂತವನಿಗೆ ಏನೂ ಗೊತ್ತಿಲ್ಲವೇ? ಲಕ್ಷಗಟ್ಟಲೆ ಜನ ಸತ್ತದ್ದು ಅವನ ಕಿವಿಗೆ ಬೀಳಲಿಲ್ಲವೇ? ಮೊಮ್ಮಗಳಿಗೆ ಹೇಳಿದೆ, "ಬರಿ, ಅವನು ಸುಳ್ಳ ಅಂತ ಬರಿ."

ಅವಳು ತಲೆ ಅಲ್ಲಾಡಿಸಿದಳು. ಅವನು ಸುಳ್ಳನೋ ಅಲ್ಲವೋ ಅದು ನಮ್ಮ ಕೆಲಸ ಅಲ್ಲವಂತೆ. ಎಲ್ಲಿ ನಿಂತಿದ್ದ, ಯಾವಾಗಿನಿಂದ ನಿಂತಿದ್ದ, ಅಷ್ಟೇ ನಮ್ಮ ಕೆಲಸವಂತೆ. ನನ್ನ ಮೊಮ್ಮಗಳ ಬುದ್ಧಿ ನೋಡಿ!

ನಾಲ್ಕು ತಿದ್ದುಪಡಿ ಬರೆದು ಕಳಿಸಿದೆವು. ಹುಟ್ಟಿದ್ದು ಶ್ರೀಮಂತ ಅಧಿಕಾರಿಯ ಮನೆಯಲ್ಲಿ. ಸೇರಿದ್ದು ಕೊನೆಯ ವರ್ಷವಲ್ಲ, ಯುದ್ಧ ಶುರುವಾಗುವ ಮೊದಲೇ. ನಿಲ್ಲುತ್ತಿದ್ದದ್ದು ಬಾಗಿಲಲ್ಲಲ್ಲ, ಮೇಜಿನ ಬದಿಯಲ್ಲಿ. ಸಮಾಜಸೇವೆಗೆ ಆಧಾರವಿಲ್ಲ. ಅವಳು ಹಿಂದಿಯಲ್ಲಿ ಹೇಳಿದ್ದನ್ನು ನಾನು ಕನ್ನಡದಲ್ಲಿ ಬರೆದೆ.

ಅಲ್ಲೇ ಎಡವಿದ್ದು. ವಾರದಲ್ಲಿ ಲೇಖಕರು ಅಂಗಡಿಗೆ ಬಂದು, ಕುರ್ಚಿ ಎಳೆದು ಕೂತು, ಬಹಳ ಸಮಾಧಾನದಿಂದ ನಕ್ಕರು. "ಅಮ್ಮಾ, ಯುದ್ಧ ಶುರುವಾಗೋ ಮೊದಲೇ ಸೇರಿದ್ದು ಇವರಲ್ಲ. ಆ ಸರ್ವಾಧಿಕಾರಿಗೆ ಭೂಸೇನೆಯಿಂದ ಒಬ್ಬ, ವಾಯುಸೇನೆಯಿಂದ ಒಬ್ಬ, ನೌಕಾಸೇನೆಯಿಂದ ಒಬ್ಬ ಸಹಾಯಕ ಇದ್ದ. ನಿಮ್ಮ ಮೊಮ್ಮಗಳು ವಾಯುಸೇನೆಯವನ ವರ್ಷ ತಂದು ಭೂಸೇನೆಯವನ ತಲೆಗೆ ಕಟ್ಟಿದ್ದಾಳೆ. ಪಾಪ, ಮಗು."

ಪಾಪವಂತೆ, ಮಗುವಂತೆ! ನನಗೆ ತಡೆಯಲಾಗಲಿಲ್ಲ. "ನೀವು ಅವನಪ್ಪನ ಕುದುರೆ ಮುಚ್ಚಿಟ್ಟದ್ದು ಎಂತಕ್ಕೆ? ಅದು ಯಾವ ಸೇನೆದು?" ಎಂದು ಕೂಗಿದೆ. ಬಾಯಿಗೆ ಬಂದದ್ದು ಇನ್ನೂ ಎರಡು ಅಂದೆ. ಲೇಖಕರು ಎದ್ದು ಹೋದರು. ಮಾಲಕರು ತಲೆ ಮೇಲೆ ಕೈ ಇಟ್ಟುಕೊಂಡರು.

"ಅಕ್ಕಾರ, ಇನ್ನ ಈ ಪುಸ್ತಕಕ್ಕ ನೀವು ಕೈ ಹಚ್ಚಬ್ಯಾಡ್ರಿ. ನಾ ಒಬ್ಬನ ನೋಡ್ಕೋತೇನಿ."

ಮನೆಗೆ ಬಂದು ಹೇಳಿದಾಗ ಮೊಮ್ಮಗಳು ವಾದ ಮಾಡಲಿಲ್ಲ. ಝೆರಾಕ್ಸ್ ಬಿಚ್ಚಿ ನೋಡಿದಳು. "ಗಲ್ತಿ ಅಪ್ನಿ ಹೈ, ಅಮ್ಮಮ್ಮ," ಎಂದಳು. ಇಂಗ್ಲಿಷ್ ಪುಸ್ತಕದಲ್ಲಿ ಹುದ್ದೆ ಮಾತ್ರ ಬರೆದು ಹೆಸರು ಬರೆಯದ ಕಡೆ ಇಬ್ಬರನ್ನು ಒಬ್ಬನೆಂದು ತಿಳಿದಿದ್ದಳು. ಆವತ್ತು ಅವಳೇ ಒಂದು ನಿಯಮ ಮಾಡಿದಳು. ಒಂದು ಕಡೆ ಸಿಕ್ಕಿದ ಸಂಗತಿ ಸಂಗತಿಯಲ್ಲ. ಒಬ್ಬರನ್ನೊಬ್ಬರು ನೋಡಿ ಬರೆಯದ ಎರಡು ಕಡೆ ಸಿಗಬೇಕು.

ಮತ್ತೆ ಮೊದಲಿನಿಂದ ಶುರು. ಆಫೀಸಿನಿಂದ ಬಂದು ಚಾ ಕುಡಿದು ಕೂರುತ್ತಿದ್ದಳು. ಕೊನೆಗೆ ಗಂಟು ಬಿಚ್ಚಿತು. ಲೇಖಕರು ಹೇಳಿದ "ಕೊನೆಯ ವರ್ಷ" ಎಲ್ಲಿಂದ ಬಂತೆಂದರೆ, ಆ ವರ್ಷ ಅವನಿಗೆ ಬಡ್ತಿ ಸಿಕ್ಕಿತ್ತು. ಬಡ್ತಿಯ ಆದೇಶದಲ್ಲಿ ಹೊಸ ದರ್ಜೆ, ಹೊಸ ತಾರೀಕು. ಅದನ್ನೇ ಸೇರಿದ ತಾರೀಕು ಎಂದು ಇವರು ಹಿಡಿದಿದ್ದರು. ಆದರೆ ಅದಕ್ಕೂ ಮೊದಲು ಕೆಳಗಿನ ದರ್ಜೆಯಲ್ಲಿ ಅದೇ ಮೇಜಿನ ಬದಿಗೆ ಎರಡು ವರ್ಷಕ್ಕೂ ಮೇಲೆ ನಿಂತಿದ್ದ. ಇದನ್ನು ಅವನು ವಿಚಾರಣೆಯಲ್ಲಿ ತಾನೇ ಒಪ್ಪಿಕೊಂಡಿದ್ದ. ಅವನ ಜೊತೆಗಿದ್ದ ಇನ್ನೊಬ್ಬ ಅಧಿಕಾರಿಯೂ ಬೇರೆ ಕಡೆ ಬೇರೆಯಾಗಿ ಹೇಳಿದ್ದ. ಎರಡು ಕಡೆ, ಒಬ್ಬರನ್ನೊಬ್ಬರು ನೋಡದೆ.

ಆ ಪುಟಗಳನ್ನೆಲ್ಲ ಜೋಡಿಸಿ, ನಮ್ಮ ಮೊದಲಿನ ತಪ್ಪನ್ನು ಮೇಲೆಯೇ ಒಪ್ಪಿಕೊಂಡು, ಮಾಲಕರ ಕೈಯಲ್ಲಿ ಲೇಖಕರಿಗೆ ಕಳಿಸಿದೆವು. "ಆಯ್ತು, ನೋಡ್ತೀನಿ" ಎಂದರಂತೆ. ನಾನು ಮತ್ತೆ ಹಿಗ್ಗಿದೆ. ಇನ್ನೇನು ಪುಸ್ತಕ, ಇನ್ನೇನು ಹೆಸರು.

ಪುಟಗಳು ಟ್ರೇಸಿಂಗ್ ಕಾಗದದ ಮೇಲೆ ಬರುವ ದಿನ ಮಾಲಕರು ಬ್ಯಾಂಕಿಗೆ ಹೋಗಿದ್ದರು. ಟ್ರೇಸಿಂಗ್ ಎಂದರೆ ಕೊನೆಯ ಹಂತ, ಅದರಿಂದಲೇ ಅಚ್ಚು ಹಾಕುವ ಪ್ಲೇಟು ಆಗುವುದು. ಮೊದಲು ಹೆಸರು ಹುಡುಕಿದೆ. ಇತ್ತು. "ಸಂಗತಿ ಪರಿಶೀಲನೆ", ಕೆಳಗೆ ದಪ್ಪಕ್ಷರದಲ್ಲಿ ನನ್ನ ಪುಟ್ಟಿ. ಬೆಳಕಿಗೆ ಹಿಡಿದು ನೋಡಿದೆ. ಅಕ್ಷರಗಳು ಗಾಳಿಯಲ್ಲಿ ನಿಂತ ಹಾಗೆ ಕಂಡವು. ಕಣ್ಣಲ್ಲಿ ನೀರು ಬಂತು, ಸುಳ್ಳಲ್ಲ.

ಆಮೇಲೆ ಒಳಗಿನ ಪುಟ ತೆಗೆದೆ. ಬಡ ರೈತ ಕುಟುಂಬ. ತೆಗೆದೆ ಮುಂದಿನದು. ಕೊನೆಯ ವರ್ಷ, ಬಾಗಿಲು, ಕೋಟು, ಏನೂ ಗೊತ್ತಿರಲಿಲ್ಲ. ಸಮಾಜಸೇವೆ. ನಾಲ್ಕರಲ್ಲಿ ಒಂದೂ ತಿದ್ದಿರಲಿಲ್ಲ. ಮೇಲೆ ನನ್ನ ಮೊಮ್ಮಗಳ ಹೆಸರು, ಕೆಳಗೆ ಇವರ ಸುಳ್ಳು. ಅಂದರೆ ಈ ಸುಳ್ಳಿಗೆ ಅವಳು ಜಾಮೀನು!

ಮಾಲಕರು ಬಂದ ಕೂಡಲೇ ಹಿಡಿದೆ. "ಇದು ಎಂತದು ಇದು?"

"ಅಕ್ಕಾರ, ಅವ್ರ ಬ್ಯಾಡ ಅಂದ್ರು. ಗಿರಾಕಿ ಹೇಳಿದ್ದು ಹಾಕೂದು ನಮ್ಮ ಕೆಲಸ. ಖರೆ ಸುಳ್ಳ ನೋಡೂದು ನಮ್ಮ ಕೆಲಸ ಅಲ್ಲ."

"ಹಾಗಾದ್ರೆ ಇವಳ ಹೆಸರು ಎಂತಕ್ಕೆ?"

"ಕಮಿಟಿಗೆ ಬೇಕಲ್ರೀ. ನೀವರ ಹೆಸರು ಹೆಸರು ಅಂತ ಕುಣಿಲಿಕ್ಹತ್ತಿದ್ರಿ. ಬಂತಲ್ಲ, ಸುಮ್ನಿರ್ರಿ."

ಮಾಲಕರು ಕೆಟ್ಟವರಲ್ಲ. ಮಧ್ಯಾಹ್ನ ಅವರೇ ಟ್ರೇಸಿಂಗನ್ನು ತುರ್ಭೆಯ ಆಫ್‌ಸೆಟ್ ಪ್ರೆಸ್ಸಿಗೆ ಕಳಿಸಿದರು. ಆದರೆ ಲೇಖಕರ ನೆರುಳಿನ ವಿಳಾಸ ಕೊಟ್ಟವರೂ ಅವರೇ. "ಬೇಕಾರ ಹೋಗಿ ಮಾತಾಡ್ರಿ, ನಾಳೆ ಪ್ಲೇಟು. ಒದರಬ್ಯಾಡ್ರಿ ಮತ್ತ," ಎಂದರು.

ಮರುದಿನ ಮೊಮ್ಮಗಳು ಅರ್ಧ ದಿನ ರಜೆ ಹಾಕಿದಳು. ಠಾಣೆಯಿಂದ ಟ್ರಾನ್ಸ್ ಹಾರ್ಬರ್ ಲೈನಿನ ರೈಲು ಹಿಡಿದು ನೆರುಳಿಗೆ ಹೋದೆವು. ಲೇಖಕರು ಮರ್ಯಾದೆಯಿಂದ ಕೂರಿಸಿದರು, ಫಿಲ್ಟರ್ ಕಾಫಿ ಕೊಟ್ಟರು. ಮೇಜಿನ ಬಳಿ ನಿಂತಿದ್ದೆ ಎಂದು ಅವನೇ ಹೇಳಿದ ಪುಟವನ್ನು ಮೊಮ್ಮಗಳು ಬಿಚ್ಚಿ ತೋರಿಸಿದಳು. "ಸರ್, ಯೆ ಉನ್ಹೋನೆ ಖುದ್ ಬೋಲಾ ಹೈ. ಟೇಬಲ್ ಕೆ ಪಾಸ್ ಖಡಾ ಥಾ."

"ನಾನು ಇಲ್ಲ ಅಂತಿಲ್ಲಮ್ಮಾ," ಎಂದರು ಲೇಖಕರು. "ನೀನು ಚೆನ್ನಾಗಿ ಕೆಲಸ ಮಾಡಿದೀಯ. ಆದ್ರೆ ಇದು ಮಕ್ಕಳ ಪುಸ್ತಕ. ಮಕ್ಕಳಿಗೆ ಒಂದು ಆದರ್ಶ ಬೇಕು. ಯಜಮಾನ ಕೆಟ್ಟವನಿರಬಹುದು, ಆಳು ನಿಷ್ಠನಾಗಿದ್ದ. ಅಷ್ಟೇ ನನ್ನ ಕಥೆ. ಅವನಿಗೆ ಎಲ್ಲ ಗೊತ್ತಿತ್ತು ಅಂದ್ರೆ ಕಥೆ ಎಲ್ಲಿ ಉಳಿಯುತ್ತೆ?"

"ಉಳಿಯದಿದ್ರೆ ಉಳಿಯದು," ಎಂದೆ ನಾನು. ಕೂಗಲಿಲ್ಲ. "ಡೊಂಬಿವಲಿಯ ಮಕ್ಕಳು ಇದನ್ನು ಓದಿ ಎಂತ ಕಲಿಯುದು? ಧಣಿ ಎಂತ ಮಾಡಿದ್ರೂ ಕೋಟು ಹಿಡ್ಕೊಂಡು ಕಣ್ಣು ಮುಚ್ಚಿ ನಿಲ್ಲುದಾ?"

"ನೋಡಿ ಅಮ್ಮಾ, ನೀವು ಅಕ್ಷರ ನೋಡಿ. ಇತಿಹಾಸ ನಾನು ನೋಡ್ಕೋತೀನಿ." ಕಾಫಿ ಲೋಟವನ್ನು ನನ್ನ ಕಡೆ ಸರಿಸಿ, "ಬೇಕಾದ್ರೆ ಬಡ ರೈತ ಅನ್ನೋದನ್ನ ತೆಗೀತೀನಿ. ಬಾಕಿದು ಇರಲಿ. ಹೆಸರು ಹೇಗೂ ಇದೆಯಲ್ಲ," ಎಂದರು, ಮಗುವಿಗೆ ಪೆಪ್ಪರಮೆಂಟು ಕೊಟ್ಟ ಹಾಗೆ.

ಅಲ್ಲಿಂದ ಸ್ಟೇಷನ್‌ವರೆಗೆ ನಡೆದು ವಾಪಸು ಗಾಡಿ ಹತ್ತಿದೆವು. ಗಾಡಿ ಹೊರಟ ಮೇಲೆ ಮೊಮ್ಮಗಳು ಕಿಟಕಿ ನೋಡುತ್ತ, "ಮೇರಾ ನಾಮ್ ನಿಕಾಲ್ ದೋ, ಅಮ್ಮಮ್ಮ," ಎಂದಳು.

ಇಷ್ಟು ಹೊತ್ತು ಲೇಖಕರ ಮೇಲೆ ಇದ್ದ ಸಿಟ್ಟೆಲ್ಲ ಅವಳ ಮೇಲೆ ತಿರುಗಿತು. ಈಗ ನೆನೆಸಿದರೆ ನಗು ಬರುತ್ತದೆ, ಆಗ ಬರಲಿಲ್ಲ. "ಎಂತ ಹೇಳುದು ನೀನು? ತಪ್ಪು ಮಾಡಿದ್ದು ಅವರು, ಹೆಸರು ಹೋಗುದು ನಿಂದಾ? ನಾನು ಇಡೀ ಕಳವಾಕ್ಕೆ ಹೇಳಿ ಆಗಿದೆ! ಮೀನಿನವಳಿಗೆ ಎಂತ ಹೇಳುದು ನಾನು?"

"ಮೀನಿನವಳಿಗೆ," ಎಂದಳು ಕನ್ನಡದಲ್ಲಿ, ಒಂದೊಂದೇ ಶಬ್ದ ಹುಡುಕಿ, "ನನ್ನ ಮೊಮ್ಮಗಳು ಸುಳ್ಳಿಗೆ ಸೈನ್ ಮಾಡ್ಲಿಲ್ಲ ಅಂತ ಹೇಳು."

ಡಬ್ಬಿಯಲ್ಲಿದ್ದವರು ನಮ್ಮನ್ನೇ ನೋಡುತ್ತಿದ್ದರು. ನನಗೆ ಯಾರೂ ಕಾಣಲಿಲ್ಲ. ಇಷ್ಟು ವರ್ಷದಲ್ಲಿ ಅವಳು ಒಂದು ಇಡೀ ವಾಕ್ಯ ಕನ್ನಡದಲ್ಲಿ ಹೇಳಿದ್ದು ನಾನು ಕೇಳಿರಲಿಲ್ಲ. ಹೇಳಿದ್ದಾದರೂ ಎಂಥ ವಾಕ್ಯ!

ತುರ್ಭೆ ಬಂತು. ನಾನು ಅವಳ ಕೈ ಹಿಡಿದು ಇಳಿಸಿದೆ.

ಪ್ರೆಸ್ಸು ಇಂಡಸ್ಟ್ರಿಯಲ್ ಏರಿಯಾದ ಒಳಗೆ. ಲಾರಿಗಳ ನಡುವೆ, ಹಮಾಲರು ಹೊರೆ ಇಳಿಸುವ ಕಡೆಯಿಂದ ದಾಟಿ ಹೋಗಬೇಕು. ಪ್ಲೇಟು ಮಾಡುವವರು ನನ್ನನ್ನು ಬಲ್ಲರು. ಎಷ್ಟೋ ಸಲ ಕೊನೆಯ ಗಳಿಗೆಯ ತಪ್ಪು ತಿದ್ದಲು ಹೋಗಿದ್ದೇನೆ. ನಮ್ಮ ಪುಸ್ತಕದ ಟ್ರೇಸಿಂಗುಗಳು ಮೇಜಿನ ಮೇಲೆ ಇದ್ದವು, ಮೊದಲ ಫಾರಂ, ಅಂದರೆ ಒಟ್ಟಿಗೆ ಅಚ್ಚಾಗುವ ಮೊದಲ ಪುಟಗಳು, ಇನ್ನೇನು ಬೆಳಕಿನ ಪೆಟ್ಟಿಗೆಗೆ ಏರಬೇಕು. ಟ್ರೇಸಿಂಗಿನಲ್ಲಿ ಒಂದು ಸಾಲು ತೆಗೆಯಬೇಕೆಂದರೆ ಬ್ಲೇಡು ಬೇಕು. ಸಾಲಿನ ಸುತ್ತ ಕಿಟಕಿಯ ಹಾಗೆ ಕೊಯ್ದು ತೆಗೆದು, ಆ ಕಂಡಿಗೆ ಖಾಲಿ ಟ್ರೇಸಿಂಗಿನ ತುಂಡು ಅಂಟಿಸಬೇಕು. ಅಂಚು ಮೇಲೆದ್ದರೆ ಪ್ಲೇಟಿನಲ್ಲಿ ಗೆರೆ ಮೂಡುತ್ತದೆ.

ಒಳಗಿನ ನಾಲ್ಕು ಸುಳ್ಳನ್ನೂ ಕೊಯ್ದು ಬಿಸಾಡುವಾ ಎಂದು ಕೈ ತುರಿಸಿತು. ಮೊಮ್ಮಗಳು ನನ್ನ ಮುಖ ನೋಡಿಯೇ, "ನಹೀಂ. ವೋ ಉನ್ಕಾ ಹೈ. ಅಪ್ನಾ ಸಿರ್ಫ್ ನಾಮ್ ಹೈ," ಎಂದಳು. ಸರಿ. ಅವರ ಪುಸ್ತಕ ಅವರದ್ದು, ನಮ್ಮ ಹೆಸರು ನಮ್ಮದು. ಕಾಗದವನ್ನು ಬೆಳಕಿನ ಗಾಜಿನ ಮೇಲೆ ಹಾಸಿದೆ. ಸ್ಕೇಲು ಇಟ್ಟೆ. ಕೊಯ್ದೆ. ಎರಡು ಸಾಲೂ ಒಂದೇ ತುಂಡಿನಲ್ಲಿ ಬಂದವು. ಪ್ಯಾಚು ಹಾಕಿ ಉಗುರಿನಲ್ಲಿ ಅಂಚು ಒತ್ತಿದೆ. ನಾನು ಮಾಡಿದ ಕೆಲಸದಲ್ಲಿ ಅಷ್ಟು ಶುದ್ಧವಾದ ಪ್ಯಾಚು ಇನ್ನೊಂದಿಲ್ಲ, ಒಂದು ಗೆರೆ ಮೂಡಲಿಲ್ಲ.

ನೌಪಾಡಾಕ್ಕೆ ಬಂದು ಮಾಲಕರಿಗೆ ನಾನೇ ಹೇಳಿದೆ. ಅವರು ಕೆಂಪು ಪೆನ್ನು ಕೆಳಗಿಟ್ಟು, "ಅಕ್ಕಾರ, ನಿಮ್ಮ ಬ್ಲೇಡು ನನ್ನ ಗಿರಾಕಿನ್ನೂ ಕೊಯ್ತು ನೋಡ್ರಿ," ಎಂದರು.

ಹಾಗೆಯೇ ಆಯಿತು. ಪುಸ್ತಕ ಅಚ್ಚಾಗಿ ಡೊಂಬಿವಲಿಗೆ ಹೋಯಿತು. ಕಮಿಟಿಯವರು ಮೊದಲ ಪುಟ ತಿರುಗಿಸಿದರು. ಪರಿಶೀಲಿಸಿದವರ ಹೆಸರು ಎಲ್ಲಿ? ಲೇಖಕರು ಪ್ರೆಸ್ಸಿನವರ ತಪ್ಪು ಎಂದರು. ಕಮಿಟಿಯ ಕಾರ್ಯದರ್ಶಿ ಮಾಲಕರಿಗೆ ಫೋನು ಮಾಡಿದರು, ಮಾಲಕರು ಫೋನನ್ನು ನನ್ನ ಕೈಗೆ ಕೊಟ್ಟರು, ನಾನು ಮೊಮ್ಮಗಳ ನಂಬರು ಕೊಟ್ಟೆ. ಭಾನುವಾರ ಸಂಘದ ಆಫೀಸಿನಲ್ಲಿ ಅವಳು ಪುಟಗಳನ್ನು ಹರಡಿದಳು. ನಾನು ಹೊರಗೆ ಬೆಂಚಿನ ಮೇಲೆ ಕೂತಿದ್ದೆ, ಕಿಟಕಿಗೆ ಕಿವಿ ಕೊಟ್ಟು. ಅವಳು ಮೊದಲು ಹೇಳಿದ್ದು ತನ್ನ ತಪ್ಪು: ವಾಯುಸೇನೆಯವನನ್ನೂ ಭೂಸೇನೆಯವನನ್ನೂ ಹೇಗೆ ಬೆರೆಸಿಬಿಟ್ಟೆ ಎಂದು. ಆಮೇಲೆ ಬಡ್ತಿಯ ತಾರೀಕು. ಆಮೇಲೆ ಮೇಜು. ಲೇಖಕರು ಒಂದೆರಡು ಸಲ ನಡುವೆ ಬಾಯಿ ಹಾಕಿದರು. ಕಾರ್ಯದರ್ಶಿ, "ಸರ್, ಆಕೆ ಮುಗಿಸ್ಲಿ," ಎಂದರು.

ಪುಸ್ತಕವನ್ನು ಸುಡಲಿಲ್ಲ, ಹರಿಯಲಿಲ್ಲ. ಅಂಥದ್ದೆಲ್ಲ ನಡೆಯುವುದಿಲ್ಲ. ಪ್ರತಿಯೊಂದಕ್ಕೂ ಒಂದು ತಿದ್ದುಪಡಿ ಚೀಟಿ ಅಂಟಿಸಿ ಕೊಡುವುದೆಂದು ತೀರ್ಮಾನವಾಯಿತು. ನಾಲ್ಕು ತಿದ್ದುಪಡಿ, ಮೂರನೆಯದು ಹೀಗೆ: "ತನಗೆ ಏನೂ ಗೊತ್ತಿರಲಿಲ್ಲ ಎಂದು ಇವರು ಬರೆದುಕೊಂಡಿದ್ದಾರೆ. ಆದರೆ ದಿನದ ಯುದ್ಧಸಭೆಗಳಲ್ಲಿ ಮೇಜಿನ ಬಳಿ ನಿಂತಿರುತ್ತಿದ್ದೆನೆಂದೂ ಇವರೇ ಹೇಳಿದ್ದಾರೆ." ಆ ಚೀಟಿಯನ್ನು ಗಟ್ಟಿಯಾಗಿ ಓದಿದವಳು ನಾನು. ಕಾಮಾ ಬಿಡಲಿಲ್ಲ, ಪೂರ್ಣವಿರಾಮ ಬಿಡಲಿಲ್ಲ. ಚೀಟಿಯ ಕೆಳಗಾದರೂ ಹೆಸರು ಹಾಕೋಣ ಎಂದು ಕಾರ್ಯದರ್ಶಿ ಕೇಳಿದರು. ನನ್ನ ಆಸೆ ಮತ್ತೆ ತಲೆ ಎತ್ತಿತು, ಮುಚ್ಚಿಡುವುದೇಕೆ. ಮೊಮ್ಮಗಳು ಬೇಡ ಎಂದಳು. ಚೀಟಿಯಲ್ಲಿ ನಾಲ್ಕು ಸಂಗತಿ ಸರಿಯಾಯಿತು. ಚೀಟಿಯ ಕೆಳಗಿನ ಹೆಸರನ್ನು ನೋಡಿದವರು ಇಡೀ ಪುಸ್ತಕಕ್ಕೆ ಜಾಮೀನು ಎಂದು ತಿಳಿಯುತ್ತಾರೆ ಎಂದಳು.

ಲೇಖಕರು ನಮ್ಮ ಅಂಗಡಿಗೆ ಮತ್ತೆ ಬರಲಿಲ್ಲ. ಪುಸ್ತಕದ ಮುಖಪುಟದ ಮೇಲೆ ಇವತ್ತಿಗೂ "ನಿಷ್ಠಾವಂತ" ಎಂಬ ಶಬ್ದ ಇದೆ. ಅದನ್ನು ಚೀಟಿ ಮುಟ್ಟಲಿಲ್ಲ. ಬಹುಮಾನ ತೆಗೆದುಕೊಂಡ ಮಕ್ಕಳಲ್ಲಿ ಎಷ್ಟು ಜನ ಚೀಟಿ ಓದಿದರೋ, ಎಷ್ಟು ಜನ ಕಿತ್ತು ಹಾಕಿದರೋ. ಅದನ್ನು ನೆನೆಸಿದರೆ ನನಗೆ ಈಗಲೂ ಊಟ ಸೇರುವುದಿಲ್ಲ.

ನನ್ನ ಹತ್ತಿರ ಒಂದು ಪ್ರತಿ ಉಂಟು. ಮನೆಗೆ ಯಾರು ಬಂದರೂ ತೆಗೆಯುತ್ತೇನೆ. ಮೀನಿನವಳಿಗೂ ತೋರಿಸಿದೆ. ಮೊದಲ ಪುಟ ಮಗುಚಿ, ಲೇಖಕರ ಹೆಸರು, ಪ್ರೆಸ್ಸಿನ ಹೆಸರು, ಹಕ್ಕುಗಳ ಸಾಲು ಎಲ್ಲ ದಾಟಿಸಿ, ಕೆಳಗೆ ಖಾಲಿ ಇರುವ ಕಡೆ ಬೆರಳಿಟ್ಟು ಹೇಳುತ್ತೇನೆ: "ಇಲ್ಲಿ ನೋಡಿ. ಸರಿಯಾಗಿ ನೋಡಿ. ನನ್ನ ಮೊಮ್ಮಗಳ ಹೆಸರು ಇಲ್ಲಿ ಇಲ್ಲ."